ಹುಟ್ಟಿದ ನೆಲವೋ, ಹೆತ್ತವರ ವೀಸಾವೋ?

ನಮಸ್ಕಾರ. ಅಮೆರಿಕದ ಜನ್ಮಸಿದ್ಧ ಪೌರತ್ವ, ಅಂದ್ರೆ ಅಲ್ಲಿ ಹುಟ್ಟಿದ ಮಗುವಿಗೆ ತಾನಾಗೇ ಸಿಗುವ ಪೌರತ್ವ, ಅದಕ್ಕೆ ಕತ್ತರಿ ಹಾಕೋ ಟ್ರಂಪ್ ಆದೇಶ, ಇವುಗಳ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಒಬ್ಬರಾದರೂ ಹೀಗನ್ನುತ್ತಾರೆ: "ಭಾರತದಲ್ಲೇ ಹುಟ್ಟಿದವರಿಗೆಲ್ಲ ಪೌರತ್ವ ಸಿಗಲ್ಲ. ಅಮೆರಿಕ ಅದನ್ನ ತೆಗೆದುಹಾಕಿದ್ರೆ ನಾವ್ಯಾಕೆ ಬಾಯಿ ಬಡ್ಕೋಬೇಕು?" ಮೊದಲ ವಾಕ್ಯ ಪೂರ್ತಿ ನಿಜ. ಎಡವಟ್ಟು ಇರೋದು ಎರಡನೆಯದರಲ್ಲಿ. ಎರಡೂ ದೇಶಗಳು ಈ ನಿಯಮವನ್ನು ಬರೆದಿಟ್ಟಿರುವ ಜಾಗವೇ ಬೇರೆ. ಇವತ್ತಿನ ನನ್ನ ವಾದವೆಲ್ಲ ಆ ಜಾಗದ ಬಗ್ಗೆಯೇ.

ನಮ್ಮ ಮನೆಯಿಂದಲೇ ಶುರು ಮಾಡೋಣ. ನಮ್ಮ ಸಂವಿಧಾನದಲ್ಲಿ ಪೌರತ್ವಕ್ಕೆ 5ರಿಂದ 11ನೇ ವಿಧಿಗಳಿವೆ. ಸಂವಿಧಾನ ಜಾರಿಯಾದ ಹೊತ್ತಿಗೆ ಯಾರ್ಯಾರು ಭಾರತದ ಪೌರರು ಅನ್ನೋದನ್ನು ಅವು ಇತ್ಯರ್ಥ ಮಾಡಿದವು. ಮುಂದೆ ಹುಟ್ಟುವವರ ಗತಿ? ಅದನ್ನು 11ನೇ ವಿಧಿ ಸೀದಾ ಸಂಸತ್ತಿನ ಕೈಗಿಟ್ಟಿತು. ಪೌರತ್ವ ಪಡೆಯೋದು, ಕಳೆದುಕೊಳ್ಳೋದು, ಎಲ್ಲದಕ್ಕೂ ಸಾಮಾನ್ಯ ಕಾಯ್ದೆ ಸಾಕು. ಹಾಗಾಗಿ 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಈಗ ಮೂರು ಕಾಲಘಟ್ಟಗಳಿವೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟರೆ, ಅಪ್ಪ ಅಮ್ಮ ಯಾರೇ ಆಗಿರಲಿ, ಭಾರತೀಯರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದ್ದರೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗಾದರೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ದೂರ ಹೋಗೋದು ಬೇಡ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ತಗೊಳ್ಳಿ. ಒಂದೇ ಟಿಬೆಟನ್ ದಂಪತಿಗೆ 1985ರಲ್ಲಿ ಅಲ್ಲೇ ಮಗಳು ಹುಟ್ಟಿ, 1989ರಲ್ಲಿ ಮಗ ಹುಟ್ಟಿದ ಅಂದುಕೊಳ್ಳಿ. ಮಗಳು ಭಾರತೀಯಳು, ತಮ್ಮ ಅಲ್ಲ. ತಮಾಷೆ ಏನಂದ್ರೆ, ಅಧಿಕಾರಿಗಳು ಮಗಳನ್ನೂ ವಿದೇಶಿ ಅಂತಲೇ ನೋಡುತ್ತಿದ್ದರು. ನೋಂದಣಿ ಪತ್ರ ಕೊಡುತ್ತಿದ್ದರು, ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಟಿಬೆಟನ್ ಮಹಿಳೆಯ ಪ್ರಕರಣದಲ್ಲಿ ಕಾಯ್ದೆಯನ್ನು ಇದ್ದ ಹಾಗೆ ಓದಿತು: ಆ ಅವಧಿಯಲ್ಲಿ ಭಾರತದಲ್ಲಿ ಹುಟ್ಟಿದವರು ಭಾರತೀಯರು, ಮುಗೀತು. ಕೈಯಲ್ಲಿ ಯಾವ ಗುರುತಿನ ಚೀಟಿ ಇತ್ತು ಅನ್ನೋದು ಅದನ್ನು ಬದಲಾಯಿಸಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಸರ್ಕಾರಕ್ಕೆ ಇಷ್ಟವಿರಲಿಲ್ಲ, ಆದರೆ ಕಾಯ್ದೆಯ ಅಕ್ಷರ ಅದಕ್ಕೆ ಎದುರಾಗಿತ್ತು. ಆ ಅಕ್ಷರವನ್ನು ಬದಲಾಯಿಸಿದ್ದು ಸಂಸತ್ತು, ಅದೂ ಮುಂದೆ ಹುಟ್ಟುವವರಿಗೆ.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿ ಈ ನಿಯಮ ಕಾಯ್ದೆಯಲ್ಲಷ್ಟೇ ಇಲ್ಲ, ಸಂವಿಧಾನದಲ್ಲೇ ಇದೆ. 1868ರ ಜುಲೈ 9ರಂದು ಅಂಗೀಕಾರವಾದ 14ನೇ ತಿದ್ದುಪಡಿಯ ಮೊದಲ ವಾಕ್ಯದ ತಾತ್ಪರ್ಯ ಇಷ್ಟು: ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿನ ಪೌರತ್ವ ಪಡೆದ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಮತ್ತು ತಾವು ವಾಸಿಸುವ ರಾಜ್ಯದ ಪೌರರು.

ಇದನ್ನು ಸಂವಿಧಾನದಲ್ಲೇ ಯಾಕೆ ಬರೆದರು? 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ, ಆಫ್ರಿಕಾದಿಂದ ತಂದ ಗುಲಾಮರ ಸಂತತಿಯವರು, ಬಿಡುಗಡೆಯಾದವರೂ ಸೇರಿ, ಅಮೆರಿಕದ ಪೌರರಾಗೋಕೇ ಸಾಧ್ಯವಿಲ್ಲ ಅಂದಿದ್ದರು. ಅಂತರ್ಯುದ್ಧ ಮುಗಿದ ಮೇಲೆ 1866ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ನಾಗರಿಕ ಹಕ್ಕುಗಳ ಕಾಯ್ದೆ ತಂದು ಅದನ್ನು ಸರಿಪಡಿಸಿತು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ವೀಟೊ ಮಾಡಿದರು, ಕಾಂಗ್ರೆಸ್ ಆ ವೀಟೊವನ್ನೂ ಮೀರಿತು. ಆದರೆ ಕಾಯ್ದೆಯನ್ನು ಮುಂದಿನ ಬಹುಮತ ರದ್ದು ಮಾಡಬಹುದಲ್ಲ? ಆ ಭಯಕ್ಕೇ ಅದನ್ನು ಸಂವಿಧಾನಕ್ಕೆ ಏರಿಸಿದ್ದು. ಈಗ ಬದಲಾಯಿಸಬೇಕಂದ್ರೆ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಕಷ್ಟವೇ. ಕಷ್ಟವಾಗಲಿ ಅಂತಲೇ ಹಾಗಿಟ್ಟಿದ್ದು.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ ಒಂದು ಕಾರ್ಯಕಾರಿ ಆದೇಶಕ್ಕೆ ಸಹಿ ಹಾಕಿದರು. ಅದರಲ್ಲಿ ಎರಡು ವರ್ಗಗಳಿವೆ. ಒಂದು, ತಾಯಿ ಅಕ್ರಮವಾಗಿ ದೇಶದಲ್ಲಿದ್ದು ತಂದೆ ಪೌರನೂ ಅಲ್ಲದೆ, ಖಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡ್‌ದಾರನೂ ಅಲ್ಲದಿರುವುದು. ಎರಡು, ತಾಯಿ ಸಕ್ರಮವಾಗಿದ್ದರೂ ತಾತ್ಕಾಲಿಕವಾಗಿ ಇದ್ದು, ತಂದೆಯ ಸ್ಥಿತಿ ಹಿಂದಿನದೇ ಆಗಿರುವುದು. ಈ ಎರಡನೇ ವರ್ಗದಲ್ಲಿ ನಮ್ಮವರು ಸಿಕ್ಕಿಬೀಳ್ತಾರೆ. ಗಂಡ ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ, ಹೆಂಡತಿ ಅದರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿ ಇದ್ದರೆ ಅವರಿಗೆ ಹುಟ್ಟುವ ಮಗು ಅಮೆರಿಕನ್ ಅಲ್ಲ ಅಂತ ಆದೇಶದ ಅರ್ಥ. ಇಬ್ಬರಲ್ಲಿ ಒಬ್ಬರ ಕೈಗೆ ಗ್ರೀನ್ ಕಾರ್ಡ್ ಬಂದಿದ್ದರೆ ಬಚಾವ್.

ಕೋರ್ಟಿನ ಕಥೆ ಚುಟುಕಾಗಿ ಹೇಳಿಬಿಡ್ತೀನಿ. ಮೂರೇ ದಿನದಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಾಫನಾರ್ ತಡೆ ಕೊಟ್ಟರು. ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ, ಕೆಳಗಿನ ಕೋರ್ಟುಗಳು ದೇಶಕ್ಕೆಲ್ಲ ಅನ್ವಯವಾಗುವ ತಡೆಯಾಜ್ಞೆ ಕೊಡುವಂತಿಲ್ಲ ಅಂದಿತು. ಗಮನಿಸಿ, ಅದು ತಡೆಯಾಜ್ಞೆಯ ವ್ಯಾಪ್ತಿಯ ಬಗ್ಗೆ, ಪೌರತ್ವದ ಬಗ್ಗೆ ಅಲ್ಲ. ನಮ್ಮ ಎಷ್ಟೋ ಚಾನೆಲ್‌ಗಳು "ಟ್ರಂಪ್ ಗೆದ್ದರು" ಅಂತ ಒದರಿದ್ದು ಇಲ್ಲೇ. ಜುಲೈ 10ಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನ್ಯಾಯಾಧೀಶ ಜೋಸೆಫ್ ಲಪ್ಲಾಂಟ್ ಆ ಮಕ್ಕಳನ್ನೆಲ್ಲ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆದರು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು.

ಇಡೀ ಜಗಳ ನಿಂತಿರೋದು "ಅಧಿಕಾರವ್ಯಾಪ್ತಿಗೆ ಒಳಪಟ್ಟ" ಅನ್ನೋ ಮಾತಿನ ಮೇಲೆ. ಟ್ರಂಪ್ ಸರ್ಕಾರದ ವಾದ ಏನಂದ್ರೆ, ಒಳಪಡೋದು ಅಂದ್ರೆ ಬರೀ ಅಲ್ಲಿನ ಕಾನೂನು ಪಾಲಿಸೋದಲ್ಲ, ಬೇರೆ ಯಾವ ದೇಶಕ್ಕೂ ಸೇರದ ಪೂರ್ಣ ನಿಷ್ಠೆ. ಇದಕ್ಕೆ ಅವರು ಸೆನೆಟರ್ ಲೈಮನ್ ಟ್ರಂಬುಲ್ 1866ರ ಚರ್ಚೆಯಲ್ಲಿ ಆಡಿದ ಮಾತನ್ನು ಆಧಾರ ಮಾಡಿಕೊಳ್ತಾರೆ. ಆದರೆ ಟ್ರಂಬುಲ್ ಆಗ ಮಾತಾಡುತ್ತಿದ್ದದ್ದು ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಬಗ್ಗೆ. ಅವು ತಮ್ಮದೇ ಆಡಳಿತ ಇಟ್ಟುಕೊಂಡು, ಅಮೆರಿಕದ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಸಮುದಾಯಗಳು. 1884ರಲ್ಲಿ ಜಾನ್ ಎಲ್ಕ್ ಎಂಬಾತನಿಗೆ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಕಾರಣಕ್ಕೆ, ಆತ ಹುಟ್ಟಿದ್ದು ಬುಡಕಟ್ಟಿನ ವ್ಯವಸ್ಥೆಯೊಳಗೆ ಅಂತ. ಮೂಲನಿವಾಸಿಗಳಿಗೆಲ್ಲ ಪೌರತ್ವ ಸಿಗೋಕೆ 1924ರ ಕಾಯ್ದೆಯೇ ಬರಬೇಕಾಯಿತು. ಡಲ್ಲಾಸ್‌ನಲ್ಲಿ ಬಾಡಿಗೆ ಕಟ್ಟಿ, ತೆರಿಗೆ ಕಟ್ಟಿ, ಸಿಗ್ನಲ್ ಹಾರಿಸಿದರೆ ದಂಡವನ್ನೂ ಕಟ್ಟುವ ಎಚ್-1ಬಿ ದಂಪತಿಗೆ ಇದನ್ನು ಹೊಂದಿಸೋದು ಹೇಗೆ? ರಾಯಭಾರಿಯನ್ನು ಅಲ್ಲಿನ ಕೋರ್ಟು ಮುಟ್ಟೋ ಹಾಗಿಲ್ಲ, ಹಾಗಾಗಿ ಅವರ ಮಗು ಹೊರಗೆ. ಇವರನ್ನು ಮುಟ್ಟಬಹುದು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1812ರ ಸ್ಕೂನರ್ ಎಕ್ಸ್‌ಚೇಂಜ್ ಪ್ರಕರಣದಲ್ಲಿ ಇದೇ ಗೆರೆ ಎಳೆದಿದ್ದರು: ವ್ಯಾಪಾರಕ್ಕೋ ಓಡಾಟಕ್ಕೋ ಬಂದ ಖಾಸಗಿ ವಿದೇಶಿಯರು ನೆಲದ ಕಾನೂನಿಗೆ ಒಳಪಟ್ಟವರು, ಬೇರೆ ದೇಶದ ರಾಯಭಾರಿ ಮತ್ತು ಸೈನ್ಯ ಅಲ್ಲ. 14ನೇ ತಿದ್ದುಪಡಿ ಬರೆದವರ ಮುಂದಿದ್ದ ಕಾನೂನು ಅದು.

ಬರೆದವರ ಉದ್ದೇಶ ನೋಡಬೇಕು ಅಂತೀರಾ? ನೋಡೋಣ. 1866ರ ಮೇ 30, ಸೆನೆಟ್. ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಎದ್ದು ಕೇಳ್ತಾರೆ: ಹಾಗಾದರೆ ಚೀನೀಯರ ಮಕ್ಕಳೂ, ಜಿಪ್ಸಿಗಳ ಮಕ್ಕಳೂ ಪೌರರಾಗಿಬಿಡ್ತಾರಾ? ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಉತ್ತರ ಕೊಡ್ತಾರೆ: ಹೌದು, ಚೀನೀ ಹೆತ್ತವರಿಗೆ ಇಲ್ಲಿ ಹುಟ್ಟಿದ ಮಕ್ಕಳು ಪೌರರೇ ಆಗಲಿ ಅನ್ನೋದಕ್ಕೇ ನನ್ನ ಮತ. ಆ ಹೆತ್ತವರಿಗೆ ಅಮೆರಿಕದ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. ಅದು ಗೊತ್ತಿದ್ದೇ ಮತ ಹಾಕಿದ್ದು.

"ಆಗ ಅಕ್ರಮ ವಲಸಿಗರೇ ಇರಲಿಲ್ಲವಲ್ಲ, ಅವರನ್ನು ಹೇಗೆ ಉದ್ದೇಶಿಸಿದ್ದಾರು?" ಅನ್ನೋ ವಾದವೂ ಇದೆ. ಇದು ಕೇಳೋಕೆ ಚೆನ್ನಾಗಿದೆ, ನಿಲ್ಲಲ್ಲ. 1808ರಿಂದಲೇ ಗುಲಾಮರನ್ನು ಹೊರಗಿಂದ ತರೋದು ನಿಷಿದ್ಧವಾಗಿತ್ತು. ಆದರೂ ಕಳ್ಳಸಾಗಣೆ ನಡೀತು. 1860ರಲ್ಲಿ ಕ್ಲೋಟಿಲ್ಡಾ ಅನ್ನೋ ಹಡಗು ಸುಮಾರು 110 ಆಫ್ರಿಕನ್ನರನ್ನು ಅಲಬಾಮಾದ ಮೊಬೈಲ್‌ಗೆ ಕದ್ದು ತಂದಿತು. ಕಾನೂನಿಗೆ ವಿರುದ್ಧವಾಗಿ ದೇಶದೊಳಗೆ ಬಂದ ಇಂಥವರ ಮಕ್ಕಳನ್ನು ಹೊರಗಿಡಬೇಕು ಅನ್ನೋದಾದರೆ 14ನೇ ತಿದ್ದುಪಡಿಯ ಉದ್ದೇಶವೇ ಕೆಡುತ್ತಿತ್ತು.

ಈಗ ಎದುರಾಳಿಗಳ ಅತಿ ಗಟ್ಟಿ ವಾದಕ್ಕೆ ಬರ್ತೀನಿ. ವಾಂಗ್ ಕಿಮ್ ಆರ್ಕ್ 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಅಡುಗೆಯವನು. ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ ಕಸ್ಟಮ್ಸ್ ಅಧಿಕಾರಿ ಇಳಿಯೋಕೆ ಬಿಡಲಿಲ್ಲ. ಬಂದರಿನ ಎದುರೇ ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸುತ್ತಾ ತಿಂಗಳುಗಟ್ಟಲೆ ಅವನನ್ನು ಇಟ್ಟರು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ 6-2ರಲ್ಲಿ ಅವನು ಪೌರ ಅಂದಿತು. ಆದರೆ ಬಹುಮತದ ತೀರ್ಪು ಬರೆದ ಹೊರೇಸ್ ಗ್ರೇ, ಅವನ ಹೆತ್ತವರು ಅಮೆರಿಕದಲ್ಲಿ ಖಾಯಂ ನೆಲೆ ಮಾಡಿಕೊಂಡಿದ್ದರು ಅನ್ನೋದನ್ನು ಮತ್ತೆ ಮತ್ತೆ ಹೇಳ್ತಾರೆ. ಸರ್ಕಾರ ಹಿಡಿದುಕೊಂಡಿರೋದು ಇದನ್ನೇ: ನೆಲೆ ಇದ್ದವರ ಮಕ್ಕಳಿಗೆ ಮಾತ್ರ ಪೌರತ್ವ.

ಈ ವಾದವನ್ನು ನಗೆಯಾಡಿ ತಳ್ಳಿಹಾಕೋ ಹಾಗಿಲ್ಲ. ಆದರೂ ನನಗೆ ಒಪ್ಪಿಗೆಯಾಗಲ್ಲ. ಗ್ರೇ ಅವರ ತರ್ಕ ನಿಂತಿರೋದು ಇಂಗ್ಲಿಷ್ ಸಾಮಾನ್ಯ ಕಾನೂನಿನ ಮೇಲೆ. ಅಲ್ಲಿ ನಾಲ್ಕು ದಿನಕ್ಕೆ ಬಂದುಹೋಗುವವರ ಮಗುವೂ ರಾಜನ ಪ್ರಜೆಯೇ. ಇನ್ನು ತಿದ್ದುಪಡಿಯ ವಾಕ್ಯವನ್ನೇ ಮತ್ತೊಮ್ಮೆ ನೋಡಿ. "ವಾಸಿಸುವ" ಅನ್ನೋ ಮಾತು ಅಲ್ಲಿದೆ, ಆದರೆ ಯಾವ ರಾಜ್ಯದ ಪೌರ ಅನ್ನೋದನ್ನು ಹೇಳೋಕೆ ಮಾತ್ರ. ದೇಶದ ಪೌರತ್ವಕ್ಕೆ ಆ ಷರತ್ತು ಹಾಕಬಹುದಿತ್ತು, ಹಾಕಲಿಲ್ಲ. ಹೆತ್ತವರ ಪ್ರಸ್ತಾಪವಂತೂ ಆ ವಾಕ್ಯದಲ್ಲಿ ಎಲ್ಲೂ ಇಲ್ಲ.

ಅದೂ ಬೇಡ, ನೆಲೆಯ ವಾದವನ್ನೇ ಒಪ್ಪಿಕೊಳ್ಳೋಣ. ಆಗಲೂ ಆದೇಶ ಅದಕ್ಕೆ ತಾಳೆಯಾಗಲ್ಲ. ನೆಲೆ ಅಂದ್ರೆ ಉಳಿಯುವ ಉದ್ದೇಶದಿಂದ ವಾಸ ಮಾಡೋದು. ವಿದ್ಯಾರ್ಥಿ ವೀಸಾ ಕೇಳುವವರು ವಾಪಸ್ ಹೋಗ್ತೀವಿ ಅಂತ ಮನವರಿಕೆ ಮಾಡಿಕೊಡಬೇಕು, ಸರಿ. ಆದರೆ 1990ರ ವಲಸೆ ಕಾಯ್ದೆ ಎಚ್-1ಬಿಗೆ ಆ ಷರತ್ತು ತೆಗೆದುಹಾಕಿದೆ. ಎಚ್-1ಬಿಯಲ್ಲಿದ್ದುಕೊಂಡೇ ಖಾಯಂ ಉಳಿಯುವ ಉದ್ದೇಶವನ್ನು ಬಾಯಿಬಿಟ್ಟು ಹೇಳಬಹುದು, ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ವೀಸಾ ಅವಧಿ ಆರು ವರ್ಷ, ಗ್ರೀನ್ ಕಾರ್ಡ್‌ನ ಐ-140 ಅರ್ಜಿ ಮಂಜೂರಾಗಿದ್ದರೆ ಅದರಾಚೆಗೂ ವಿಸ್ತರಣೆ ಸಿಗುತ್ತೆ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರೋದರಿಂದ ಭಾರತೀಯರ ಸರದಿ ಮುಂದೆ ಹೋಗಲ್ಲ. ಹದಿನೈದು ವರ್ಷ ಒಂದೇ ಊರಲ್ಲಿದ್ದು, ಮನೆ ಕೊಂಡು, ಸರದಿಯಲ್ಲಿ ಕಾಯುತ್ತಿರುವವರು "ತಾತ್ಕಾಲಿಕ" ಅನ್ನೋದು ಯಾವ ಅರ್ಥದಲ್ಲಿ?

ಬರ್ತ್ ಟೂರಿಸಂ ಅನ್ನೋ ದೂರು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ವೀಸಾ ಕೌಂಟರಿನಲ್ಲೇ ಇದೆ. ಹೆರಿಗೆಯಿಂದ ಮಗುವಿಗೆ ಪೌರತ್ವ ಕೊಡಿಸೋದೇ ಮುಖ್ಯ ಉದ್ದೇಶವಾಗಿದ್ದರೆ ಪ್ರವಾಸಿ ವೀಸಾ ನಿರಾಕರಿಸಬಹುದು ಅನ್ನೋ ನಿಯಮ 2020ರ ಜನವರಿಯಿಂದಲೇ ಇದೆ.

ಇನ್ನೊಂದು ತೊಂದರೆ ಕಾಗದಪತ್ರದ್ದು. ಅಮೆರಿಕದಲ್ಲಿ ಜನನ ಪತ್ರ ಕೊಡೋದು ರಾಜ್ಯಗಳು. ಅದರಲ್ಲಿ ಹೆತ್ತವರ ವೀಸಾದ ವಿವರ ಇರಲ್ಲ. ಆದೇಶದ ಪ್ರಕಾರ ಹೋದರೆ ಜನನ ಪತ್ರ ಒಂದೇ ಸಾಲಲ್ಲ, ಮೂರು ತಲೆಮಾರಿನಿಂದ ಅಲ್ಲೇ ಇರುವ ಕುಟುಂಬವೂ ಅಪ್ಪ ಅಮ್ಮನ ದಾಖಲೆ ತಂದು ತೋರಿಸಬೇಕು. ಪೌರತ್ವ ಹೆತ್ತವರ ಕಾಗದಕ್ಕೆ ಗಂಟುಬಿದ್ದರೆ ಏನಾಗುತ್ತೆ ಅಂತ ಅಸ್ಸಾಮಿನಲ್ಲಿ ನೋಡಿದ್ದೀವಿ. 2019ರ ಆಗಸ್ಟ್ 31ರ ಅಂತಿಮ ಎನ್‌ಆರ್‌ಸಿ ಪಟ್ಟಿಯಿಂದ 19,06,657 ಜನ ಹೊರಗುಳಿದರು. ಅಪ್ಪನ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಅಲ್ಲಿ ಮಗ ಉತ್ತರ ಹೇಳಬೇಕಾಯಿತು.

ಕೊನೆಗೆ, ಈ ಆದೇಶ ಜಾರಿಯಾದರೆ ಎಚ್-1ಬಿ ದಂಪತಿಯ ಮಗು ಯಾವ ಸ್ಥಿತಿಯಲ್ಲಿರುತ್ತೆ? ಆದೇಶದಲ್ಲಿ ಉತ್ತರ ಇಲ್ಲ. ಎಚ್-4 ಅನ್ನೋದು ಹೊರಗಿಂದ ಬಂದು ಪ್ರವೇಶ ಪಡೆದವರಿಗೆ. ಅಲ್ಲೇ ಹುಟ್ಟಿದ ಮಗು ಯಾವ ಗಡಿಯನ್ನೂ ದಾಟಿ ಬಂದಿಲ್ಲ, ಅದಕ್ಕೆ ಐ-94 ಅನ್ನೋ ಪ್ರವೇಶ ದಾಖಲೆ ಇಲ್ಲ. ಭಾರತದ ಪೌರತ್ವವೂ ತಾನಾಗೇ ಬರಲ್ಲ. ನಮ್ಮ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು, ಮಗುವಿನ ಹೆಸರಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಮೆರಿಕದ ಪಾಸ್‌ಪೋರ್ಟ್ ಮೊದಲೇ ಮಾಡಿಸಿಬಿಟ್ಟಿದ್ದರೆ ಆ ಘೋಷಣೆ ಕೊಡೋ ಹಾಗೇ ಇಲ್ಲ. ಹಾಗಾಗಿ ಆ ಒಂದು ವರ್ಷದಲ್ಲಿ ಯಾವ ಅರ್ಜಿ ಮೊದಲು ಹಾಕಬೇಕು ಅನ್ನೋದನ್ನು ವಲಸೆ ವಕೀಲರ ಹತ್ತಿರ ಕೇಳಿಯೇ ತೀರ್ಮಾನಿಸಿ.