ಬಾಟ್ಲಿಯೊಳಗೆ ಎಷ್ಟು ಶಕ್ತಿ?

ಕೇಳುಗರಿಗೆ ನಮಸ್ಕಾರ.

ಐಸಿಯು ಬಾಗಿಲ ಹೊರಗೆ ಫ್ಲಾಸ್ಕ್ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ, ನೀವೇ ನಿಂತಿದ್ದರೂ ಇರಬಹುದು. ಒಳಗೆ ಅಪ್ಪನೋ, ಅತ್ತೆಯೋ. ಫ್ಲಾಸ್ಕಿನಲ್ಲಿ ರಾಗಿ ಗಂಜಿ, ಇಲ್ಲವೇ ಬೇಳೆ ಕಟ್ಟು. ಡಯಟಿಷಿಯನ್ ಆದ ನಾನು ಹೊರಗೆ ಕಾಲಿಟ್ಟರೆ ಸಾಕು, "ಮೇಡಂ, ಮೂರು ದಿನದಿಂದ ಬರೀ ಗ್ಲೂಕೋಸ್ ಮೇಲೆ ಇದ್ದಾರೆ. ಶಕ್ತಿಗೆ ಏನಾದ್ರೂ ಹಾಕ್ಸಿ" ಅನ್ನುತ್ತಾರೆ.

ಅವರ ಆತಂಕದಲ್ಲಿ ಹುರುಳಿದೆ. ಸಾಮಾನ್ಯವಾಗಿ ನೇತುಹಾಕುವ ಐದು ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ನೂರು ಕ್ಯಾಲೊರಿಯೂ ಆಗುವುದಿಲ್ಲ. ಪ್ರೋಟೀನ್ ಸೊನ್ನೆ. ಅದು ನೀರು ಕೊಡುವ ದಾರಿ, ಊಟವಲ್ಲ.

ಊಟ ಸಿಗದಿದ್ದರೆ, ಅದರಲ್ಲೂ ದೊಡ್ಡ ಪೆಟ್ಟೋ ತೀವ್ರ ಕಾಯಿಲೆಯೋ ಇದ್ದಾಗ, ದೇಹ ತನ್ನದೇ ಮಾಂಸಖಂಡಕ್ಕೆ ಕೈ ಹಾಕುತ್ತದೆ. ಮೂಳೆ ಮುರಿದುಕೊಂಡವರ ಮೂತ್ರದಲ್ಲಿ ಸಾರಜನಕ ವಿಪರೀತ ಹರಿದುಹೋಗುವುದನ್ನು 1930ರ ಸುಮಾರಿಗೇ ಗ್ಲಾಸ್ಗೋದ ವಿಜ್ಞಾನಿ ಡೇವಿಡ್ ಕತ್‌ಬರ್ಟ್‌ಸನ್ ಅಳೆದಿದ್ದರು. ಸಾರಜನಕ ಹೋಯಿತೆಂದರೆ ಪ್ರೋಟೀನ್ ಕರಗಿತೆಂದು ಅರ್ಥ. ಲಂಡನ್ನಿನ ವೈದ್ಯರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನ್ ಮಾಡಿ 2013ರಲ್ಲಿ ವರದಿ ಕೊಟ್ಟರು: ಹತ್ತೇ ದಿನದಲ್ಲಿ ಅದರ ಗಾತ್ರ ಸುಮಾರು ಶೇಕಡಾ 18ರಷ್ಟು ಇಳಿದಿತ್ತು. ಕರಗಿದ ಸ್ನಾಯುವಿನ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿಭಾಗಗಳು, ಯಕೃತ್ತಿಗೆ, ಗಾಯಕ್ಕೆ, ಸೋಂಕಿನ ವಿರುದ್ಧ ಹೋರಾಡುವ ಕಣಗಳಿಗೆ ಹೋಗುತ್ತವೆ. ಮನೆ ಉಳಿಸಲು ಜಂತೆಯನ್ನೇ ಕಿತ್ತು ಒಲೆಗೆ ಹಾಕಿದ ಹಾಗೆ.

ಹಾಗಾದರೆ ಕಳೆದುಹೋದದ್ದನ್ನು ನಾವೇ ತುಂಬಿಕೊಟ್ಟರಾಯಿತಲ್ಲ? ವೈದ್ಯಲೋಕಕ್ಕೂ ಹಾಗೇ ಅನ್ನಿಸಿತ್ತು. ಗ್ಲುಟಮಿನ್ ಎಂಬ ಅಮೈನೋ ಆಮ್ಲವಿದೆ. ಕರುಳಿನ ಒಳಪದರಕ್ಕೂ ರೋಗನಿರೋಧಕ ಕಣಗಳಿಗೂ ಅದು ಇಂಧನ. ತೀವ್ರ ಕಾಯಿಲೆಯಲ್ಲಿ ಅನೇಕರ ರಕ್ತದಲ್ಲಿ ಅದು ಕಡಿಮೆಯಾಗುತ್ತದೆ. ಸಣ್ಣ ಪುಟ್ಟ ಅಧ್ಯಯನಗಳು ಒಳ್ಳೆಯ ಸುದ್ದಿಯನ್ನೇ ಹೇಳುತ್ತಿದ್ದವು. ಆಮೇಲೆ ಕೆನಡಾ, ಅಮೆರಿಕ, ಯುರೋಪಿನ 40 ಐಸಿಯುಗಳಲ್ಲಿ, ವೆಂಟಿಲೇಟರ್ ಮೇಲಿದ್ದ, ಒಂದಕ್ಕಿಂತ ಹೆಚ್ಚು ಅಂಗ ಸೋತಿದ್ದ 1,200ಕ್ಕೂ ಮಿಕ್ಕಿದ ರೋಗಿಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. 2013ರಲ್ಲಿ ಫಲಿತಾಂಶ ಬಂತು. ಗ್ಲುಟಮಿನ್ ಪಡೆಯದವರಲ್ಲಿ ನೂರಕ್ಕೆ 31 ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರೆ, ಪಡೆದವರಲ್ಲಿ 37 ಜನ. ಇನ್ನೂ ಕುತೂಹಲದ ಸಂಗತಿ, ರಕ್ತ ಪರೀಕ್ಷಿಸಿದ ಕೆಲವರ ಪೈಕಿ ಬಹುಪಾಲು ಜನರಿಗೆ ಮೊದಲಲ್ಲಿ ಗ್ಲುಟಮಿನ್ ಕೊರತೆಯೇ ಇರಲಿಲ್ಲ. ಸುಟ್ಟಗಾಯದವರಿಗಾದರೂ ಉಪಯೋಗವಾದೀತೆಂಬ ಆಸೆ ಉಳಿದಿತ್ತು. 2022ರಲ್ಲಿ ಅದೂ ಮುಗಿಯಿತು. ಅವರಲ್ಲಿ ಹಾನಿ ಕಾಣಲಿಲ್ಲ, ಲಾಭವೂ ಕಾಣಲಿಲ್ಲ.

ಒಟ್ಟು ಪ್ರೋಟೀನಿನ ಕತೆಯೂ ಹೆಚ್ಚುಕಡಿಮೆ ಇದೇ. ದೇಹತೂಕದ ಕಿಲೋಗೆ ದಿನಕ್ಕೆ 2.2 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕೊಡುವ ಗುರಿ ಇಟ್ಟುಕೊಂಡರೂ 1.2 ಗ್ರಾಂ ಒಳಗೆ ಕೊಟ್ಟವರಿಗಿಂತ ಬೇಗ ಗುಣವಾಗಲಿಲ್ಲ. ಕಿಡ್ನಿಗೆ ಪೆಟ್ಟು ಬಿದ್ದಿದ್ದವರಿಗೆ ಕೆಡುಕೇ ಆದಂತೆ ಕಂಡಿತು. ಇದು 2023ರಲ್ಲಿ ಹೊರಬಂದ, 16 ದೇಶಗಳ ಲೆಕ್ಕ. ಯುರೋಪಿನ ಮಾರ್ಗಸೂಚಿ ಕಿಲೋಗೆ 1.3 ಗ್ರಾಂ ಎನ್ನುತ್ತದೆ, ಅದೂ ನಿಧಾನವಾಗಿ ಏರಿಸುತ್ತಾ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ 78 ಗ್ರಾಂ, ಹದಿಮೂರು ಮೊಟ್ಟೆಯಷ್ಟು. ನೋಡಿ, ಇದೇನೂ ಸಣ್ಣ ಪ್ರಮಾಣವಲ್ಲ! ಫ್ಲಾಸ್ಕಿನ ಬೇಳೆ ಕಟ್ಟಿನಿಂದ ಅದು ಬರುವ ಮಾತಿಲ್ಲ. ಪ್ರೋಟೀನ್ ಬಹುಪಾಲು ತಳದ ಬೇಳೆಯಲ್ಲೇ ಉಳಿದಿರುತ್ತದೆ.

ಕೊಡುವುದು ಹೇಗೆ? ಕರುಳು ಕೆಲಸ ಮಾಡುತ್ತಿದ್ದರೆ, ಬಿಪಿ ಹತೋಟಿಗೆ ಬಂದಿದ್ದರೆ, ಸಾಮಾನ್ಯವಾಗಿ 48 ಗಂಟೆಯೊಳಗೆ ಮೂಗಿನಿಂದ ಹೊಟ್ಟೆಗಿಳಿಸಿದ ರೈಲ್ಸ್ ಟ್ಯೂಬಿನಲ್ಲಿ ಸ್ವಲ್ಪಸ್ವಲ್ಪವೇ ಶುರು. ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿರುತ್ತೇವೆ, ಆಹಾರ ಶ್ವಾಸಕೋಶಕ್ಕೆ ನುಗ್ಗಬಾರದೆಂದು. ರಕ್ತನಾಳದ ಮೂಲಕ ಅಮೈನೋ ಆಮ್ಲ, ಕೊಬ್ಬು ಕೊಡುವುದು ಕರುಳಿನ ದಾರಿ ಮುಚ್ಚಿದಾಗ, ಅಥವಾ ಆ ದಾರಿಯಲ್ಲಿ ಸಾಕಷ್ಟು ಹೋಗದಿದ್ದಾಗ. ಅದಕ್ಕೂ ಅವಸರವಿಲ್ಲ. ಬೆಲ್ಜಿಯಂನಲ್ಲಿ 4,640 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲೆರಡು ದಿನದಲ್ಲೇ ಅದನ್ನು ಪಡೆದವರಿಗಿಂತ ಎಂಟನೇ ದಿನದವರೆಗೆ ಕಾದವರಿಗೆ ಸೋಂಕು ಕಡಿಮೆಯಿತ್ತು.

ವಾರಗಟ್ಟಲೆ ಊಟ ಬಿಟ್ಟವರು, ಕುಡಿತದಿಂದ ಸೊರಗಿದವರು ಬಂದರೆ ನನಗೆ ಹೆಚ್ಚು ಭಯ. ಅವರಿಗೆ ಒಮ್ಮೆಗೇ ಪೂರ್ತಿ ಊಟ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಸರ್ರನೆ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ಮೊದಲು ಬಿ-1 ವಿಟಮಿನ್, ಆಮೇಲೆ ಅಳೆದು ತೂಗಿ ಆಹಾರ. ಇನ್ನು ಎಳನೀರು. ಕಿಡ್ನಿ ಸೋತವರಿಗೆ ಅದರೊಳಗಿನ ಪೊಟ್ಯಾಸಿಯಂ ವಿಷವಾದೀತು, ಕೇಳದೆ ಕೊಡಬೇಡಿ.

ಹಾಗೆಂದು ಫ್ಲಾಸ್ಕ್ ಎಸೆಯಬೇಕಿಲ್ಲ. ರೋಗಿ ವಾರ್ಡಿಗೆ ಬಂದು, ಟ್ಯೂಬ್ ತೆಗೆದು, ನುಂಗಲು ತೊಂದರೆಯಿಲ್ಲವೆಂದು ನೋಡಿಯಾದ ಮೇಲೆ ನಮ್ಮ ಲೆಕ್ಕವೆಲ್ಲ ಕೈಕೊಡುವುದುಂಟು. ಬಾಯಿರುಚಿ ಇರುವುದಿಲ್ಲ, ಆಸ್ಪತ್ರೆಯ ತಟ್ಟೆ ಅರ್ಧಕ್ಕೇ ವಾಪಸ್ಸು ಬರುತ್ತದೆ. ಆಗ ನನ್ನನ್ನೊಂದು ಮಾತು ಕೇಳಿ, ಗಟ್ಟಿ ಬೇಳೆ ಕಲಸಿದ ಮೆತ್ತನೆ ಅನ್ನ, ಮೊಸರು, ಒಂದು ಬೇಯಿಸಿದ ಮೊಟ್ಟೆ ತನ್ನಿ. ಮನೆಯವರ ಕೈಯಿಂದ ಎರಡು ತುತ್ತು ಹೆಚ್ಚೇ ಒಳಗೆ ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ನಮಸ್ಕಾರ.