ಇವತ್ತು ದೋಣಿ ಇಳಿಸುವುದಿಲ್ಲ

ಬಂಧುಗಳೇ, ಆಟಿಯ ಈ ಜಡಿಮಳೆಯಲ್ಲಿ ಕುಂಬಳೆಯಿಂದ, ಪೆರ್ಲದಿಂದ ಬಸ್ಸು ಹಿಡಿದು ಬದಿಯಡ್ಕಕ್ಕೆ ಬಂದಿದ್ದೀರಿ. ಶೀಟಿನ ಮೇಲೆ ಮಳೆಯ ಸದ್ದು ಜೋರುಂಟು. ಹಿಂದಿನವರಿಗೆ ಕೇಳದಿದ್ದರೆ ಕೈ ಎತ್ತಿ.

ಎರಡನೇ ಮಹಾಯುದ್ಧದ ಕಥೆ ನಿಮಗೆ ಗೊತ್ತಿದ್ದದ್ದೇ. ನಾನು ಹೇಳುವುದು ಒಂದೇ ವಿಮಾನದ ಸಂಗತಿ. 1944ರ ನವೆಂಬರ್ 14. ಲಂಡನ್ ಹತ್ತಿರದ ನಾರ್ಥೋಲ್ಟ್‌ನಿಂದ ಆವ್ರೋ ಯಾರ್ಕ್ ಎಂಬ ನಾಲ್ಕು ಎಂಜಿನ್ನಿನ ವಿಮಾನ ಹೊರಟಿತು. ಒಳಗೆ ಏರ್ ಚೀಫ್ ಮಾರ್ಷಲ್ ಟ್ರಾಫರ್ಡ್ ಲೀ-ಮ್ಯಾಲರಿ, ನಾರ್ಮಂಡಿ ದಾಳಿಯಲ್ಲಿ ಮಿತ್ರಪಕ್ಷದ ವಾಯುಬಲ ನಡೆಸಿದವರು. ಆಗ್ನೇಯ ಏಷ್ಯಾದ ವಾಯುಪಡೆಯ ಹೊಣೆ ಹೊರಲು ನಮ್ಮ ಕಡೆಗೇ, ಸಿಂಹಳಕ್ಕೆ, ಹೊರಟದ್ದು. ಜೊತೆಗೆ ಹೆಂಡತಿ ಡೋರಿಸ್. ಒಟ್ಟು ಹತ್ತು ಮಂದಿ. ಹವೆ ಕೆಟ್ಟಿದೆ, ಇವತ್ತು ಬೇಡ ಎಂದರು ವಿಮಾನ ನಡೆಸುವವರು. ಹೋಗಲೇಬೇಕು ಎಂದರು ಇವರು.

ಇಲ್ಲಿ ನನ್ನ ಅಜ್ಜನನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ಶಿರಿಯಾ ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಇಂಥದ್ದೇ ಒಂದು ಆಟಿಯಲ್ಲಿ ಊರಿನ ಧನಿಗಳು ಓಲೆಕೊಡೆ ಹಿಡಿದು ಬಂದರಂತೆ. ಆಚೆ ದಡದಲ್ಲಿ ಮಗಳ ಮದುವೆಯ ಮಾತುಕತೆ. ಅಜ್ಜ ಬಿದಿರಿನ ಗಳವನ್ನು ಕೆಸರಿಗೆ ಊರಿ ನೀರು ನೋಡಿದರು. ಬೆಲ್ಲದ ಪಾಕದ ಬಣ್ಣ. ತೇಲಿ ಬಂದ ತೆಂಗಿನ ಮಡಲೊಂದು ನಡುಹೊಳೆಯಲ್ಲಿ ಎರಡು ಸುತ್ತು ತಿರುಗಿ ಮುಳುಗಿತು.

“ಇವತ್ತು ದೋಣಿ ಇಳಿಸುವುದಿಲ್ಲ ಧನಿಗಳೇ.”

“ನಾನು ಯಾರು ಗೊತ್ತುಂಟಾ?”

“ನನಗೆ ಗೊತ್ತುಂಟು. ಹೊಳೆಗೆ ಗೊತ್ತಿಲ್ಲ.”

ಅಜ್ಜ ಉಳುತ್ತಿದ್ದ ಗೇಣಿಗದ್ದೆ ಅದೇ ಧನಿಗಳದ್ದು, ನೆನಪಿಡಿ. ಧನಿಗಳು ಸಿಟ್ಟಿನಲ್ಲಿ ಗುಡಿಸಲೊಳಗೆ ಕೂತರು, ಅಜ್ಜಿ ಕೊಟ್ಟ ಸಾಂತಾಣಿ ತಿಂದರು, ಅಲ್ಲೇ ನಿದ್ದೆಯೂ ಮಾಡಿದರು. ಮರುದಿನ ದಾಟುವಾಗ ಉಳಿದ ಸಾಂತಾಣಿಯನ್ನು ಕಟ್ಟಿಸಿಕೊಂಡೇ ಹೋದರಂತೆ!

ಯಾರ್ಕ್ ವಿಮಾನ ಹಿಮಬಿರುಗಾಳಿಗೆ ಸಿಕ್ಕಿ ಫ್ರಾನ್ಸಿನ ಆಲ್ಪ್ಸ್‌ಗೆ ಅಪ್ಪಳಿಸಿತು. ಒಬ್ಬರೂ ಉಳಿಯಲಿಲ್ಲ. ಹಿಮ ಮುಚ್ಚಿದ್ದರಿಂದ ಏಳು ತಿಂಗಳು ಸುಳಿವಿಲ್ಲ. 1945ರ ಜೂನ್‌ನಲ್ಲಿ ಹಳ್ಳಿಗನೊಬ್ಬನ ಕಣ್ಣಿಗೆ ಅವಶೇಷ ಬಿತ್ತು. ಅವರ ಅಣ್ಣ ಜಾರ್ಜ್ ಮ್ಯಾಲರಿ 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದವರು. ಒಂದೇ ಮನೆಯ ಇಬ್ಬರನ್ನೂ ಬೆಟ್ಟ ತೆಗೆದುಕೊಂಡಿತು. ಸಿಬ್ಬಂದಿಯ ಮಾತು ಮೀರಿ ಹೊರಡದಿದ್ದರೆ ದುರಂತ ತಪ್ಪಬಹುದಿತ್ತು ಎಂದಿತು ತನಿಖೆ.

ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ಹವೆ ಬಲ್ಲವನಿಗೆ ಬೇಡ ಎನ್ನುವ ಅಧಿಕಾರ ಇರಬೇಕು. ಬರೀ ಸಲಹೆ ಸಾಲದು. ಆ ಹತ್ತು ಮಂದಿಯಲ್ಲಿ ಬೇಡ ಎಂದವರೂ ಇದ್ದರಲ್ಲ! ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಕಡಲಿಗೂ ಇದೇ ಮಾತು. ಕೆಂಪು ಎಚ್ಚರಿಕೆಯ ದಿನ ದೋಣಿಯ ತಂಡೇಲ ಬೇಡ ಎಂದರೆ, ಸಾಲ ಕೊಟ್ಟವನು ದಡದಲ್ಲಿ ನಿಂತು ಒತ್ತಾಯಿಸಬಾರದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ರೆಕ್ಕೆಗೆ ಮಂಜು ಕಟ್ಟಿದರೆ ಅದರ ಆಕಾರ ಕೆಟ್ಟು ಎತ್ತುವ ಬಲ ಹೇಗೆ ಕುಸಿಯುತ್ತದೆ ಎಂದು ವಿವರಿಸಬೇಕೆಂದಿದ್ದೆ, ಬಿಡುತ್ತೇನೆ. ಪೆರ್ಲದ ಬಸ್ಸಿನವನು ಮಳೆ ಇಳಿಯಲಿ ಎನ್ನುತ್ತಿದ್ದಾನಂತೆ. ಅವಸರ ಮಾಡಬೇಡಿ, ಒಳಗೆ ಚಹಾ ಉಂಟು.