ಯಾದಿ ಕಳಸ್ರಿ, ತಂದು ಕೊಡ್ತೇನಿ

ಎಲ್ಲಾರಿಗೂ ನಮಸ್ಕಾರ್ರಿ. ಅಣ್ಣಾರ ಆ ಮೈಕ್ ಸ್ವಲ್ಪ ಕೆಳಗ ಮಾಡ್ರಿ, ಹಾಂ ಸಾಕು. ನನ್ನ ಕರದವರು ಏನ್ ಹೇಳ್ಯಾರಂದ್ರ, ನೌಕರಿ ಮಾಡೋ ತಂದಿ ತಾಯಿಗೋಳಿಗೆ ಕಿರಾಣಿ ಸಾಮಾನ ಮನಿಗೆ ತಲುಪಿಸೋ ಉದ್ಯೋಗ ಹೆಂಗ ಶುರು ಮಾಡೋದು, ಅದನ್ನ ಒಂದರ್ಧಾ ತಾಸು ಮಾತಾಡ್ರಿ ಅಂತ. ನಾ ಮೊದಲಿಗೇ ಹೇಳಿಬಿಡ್ತೇನಿ, ಕಿರಾಣಿಯಿಂದ ಶುರು ಮಾಡಬ್ಯಾಡ್ರಿ, ಗಿರಣಿಯಿಂದ ಶುರು ಮಾಡ್ರಿ. ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ.

ನಮ್ಮ ಬಾಗಲಕೋಟಿ ನಿಮಗೆಲ್ಲಾ ಗೊತ್ತೈತಿ. ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದು ಹಳೇ ಊರಾಗ ಎಷ್ಟೋ ಓಣಿ ಮುಳುಗಿದ್ವು, ಮಂದಿಗೆ ನವನಗರ ಕಟ್ಟಿ ಸೆಕ್ಟರ್ ಸೆಕ್ಟರ್ ಮಾಡಿ ಕೊಟ್ರು, 1997ರಾಗ ಜಿಲ್ಲಾ ಬ್ಯಾರೆ ಆತು, ಜಿಲ್ಲಾ ಆಫೀಸು ನವನಗರಕ್ಕ ಬಂದ್ವು, ನಡುವ ವಿದ್ಯಾಗಿರಿ ಕಾಲೇಜುಗೋಳು. ಹಿಂಗಾಗಿ ಒಂದ ಊರು ಮೂರು ತುಂಡು. ನವನಗರದಾಗೂ ಅಂಗಡಿ ಅದಾವ ಇಲ್ಲಂತಲ್ಲ, ಆದ್ರ ತಿಂಗಳ ಸಂತಿ ಅಂದ್ರ ಇನ್ನೂ ಎಷ್ಟೋ ಮಂದಿಗೆ ಹಳೇ ಪ್ಯಾಟೀನ ಬೇಕು, ಅವರ ಅಪ್ಪ ಅಜ್ಜನ ಕಾಲದ ಅಂಗಡಿ, ಅಲ್ಲಿ ತೊಗರಿಬ್ಯಾಳಿ, ಅಲ್ಲಿ ಮಹಾಲಿಂಗಪುರ ಬೆಲ್ಲ. ಗಂಡ ಹೆಂಡತಿ ಇಬ್ಬರೂ ಡ್ಯೂಟಿ ಮುಗಿಸಿ, ಹುಡುಗುರ ಟ್ಯೂಷನ್ ಮುಗಿಸಿ ಅಷ್ಟು ದೂರ ಹೋಗೋದರಾಗ ಅಂಗಡಿ ಶಟರ್ ಅರ್ಧ ಇಳದಿರ್ತೈತಿ.

ನನ್ನ ಮೊದಲನೇ ಗಿರಾಕಿ ನಮ್ಮ ಬಾಜೂ ಮನಿ ಅಕ್ಕೋರು. ಸಾಲಿ ಅಕ್ಕೋರು, ಸಣ್ಣ ಕೂಸು ಒಂದು, ಮೂರನೇತ್ತಾದಾಗ ಓದೋ ಮಗ ಒಬ್ಬ, ಗಂಡ ಬ್ಯಾರೆ ಊರಾಗ ನೌಕರಿ, ಶನಿವಾರ ಬರತಾರ. ಒಂದಿನ ನಾ ಜ್ವಾಳದ ಡಬ್ಬಿ ಸ್ಕೂಟಿ ಮ್ಯಾಲೆ ಇಟಗೊಂಡು ಗಿರಣಿಗೆ ಹೊಂಟಿದ್ದೆ. "ವೈನಿ, ಹೆಂಗೂ ಹೊಂಟೀರಿ, ನಂದೂ ಒಂದ ಡಬ್ಬಿ ಒಯ್ತೀರೇನ್ರಿ" ಅಂದ್ರು. ಒಯ್ದೆ. ಮುಂದಿನ ವಾರನೂ ಒಯ್ದೆ. ಮೂರನೇ ವಾರ ಆಕೀನ "ಸುಮ್ನ ಹೆಂಗ ಮಾಡಸ್ಕೊಳ್ಳಿ, ಇಷ್ಟು ಇಟಗೋರಿ" ಅಂತ ಐವತ್ತು ರೂಪಾಯಿ ಕೈಯಾಗ ಇಟ್ರು. ಅವತ್ತ ನನ್ನ ತಲ್ಯಾಗ ಲೈಟ್ ಹತ್ತಿತು ನೋಡ್ರಿ.

ಯಾಕಂದ್ರ ಗಿರಣಿ ಕೆಲಸ ಒಮ್ಮೆ ಮಾಡಿ ಬಿಡೋದಲ್ಲ. ಜ್ವಾಳದ ಹಿಟ್ಟು ಬಹಳ ದಿನಾ ಇಡಾಕ ಬರಂಗಿಲ್ಲ, ಹಳೇದಾತಂದ್ರ ಜಿಗಿ ಹೋಗತೈತಿ, ರೊಟ್ಟಿ ಬಡಿಯೋ ಮುಂದ ಅಂಚು ಹರೀತೈತಿ, ರುಚೀನೂ ಕಹಿ ಆಗತೈತಿ. ಅದಕ್ಕ ನಮ್ಮ ಮನಿಗೋಳಾಗ ವಾರಕ್ಕ ಹತ್ತು ದಿನಕ್ಕ ಸ್ವಲ್ಪ ಸ್ವಲ್ಪನ ಬೀಸಸ್ತಾರ. ಅಂದ್ರ ಒಂದ ಮನಿಗೆ ತಿಂಗಳಿಗೆ ಕಮ್ಮಿ ಅಂದ್ರೂ ಮೂರು ಸಲ ಗಿರಣಿ. ಯಾವ ಆಪ್ ಬಂದು ನಿಮ್ಮ ಮಾಲದಂಡಿ ಜ್ವಾಳ ಒಯ್ದು, ಅಲ್ಲಿ ನಿಂತು, ಹಿಂದಿನವರದು ಗೋಧಿ ಇತ್ತಂದ್ರ ಮೊದಲಿನ ಒಂದ ಬೊಗಸಿ ಹಿಟ್ಟು ಬ್ಯಾರೆ ತಗದು, ಬಿಸಿ ಹಿಟ್ಟಿನ ಮುಚ್ಚಳಾ ಸ್ವಲ್ಪ ತೆರದಿಟ್ಟು ತಂದು ಕೊಡತೈತಿ ಹೇಳ್ರಿ. ಕಿರಾಣಿ ಆದ್ರ ಯಾವನರ ದೊಡ್ಡವ ಬಂದು ನಿಮಗಿಂತ ಎರಡು ರೂಪಾಯಿ ಕಮ್ಮಿ ಮಾಡಿ ನಿಮ್ಮನ್ನ ಮನಿಗೆ ಕಳಸ್ತಾನ, ಗಿರಣಿಗೆ ಅವ ಬರಂಗಿಲ್ಲ.

ಇದರಾಗ ನಾ ಒಂದು ಘನಂದಾರಿ ತಪ್ಪೂ ಮಾಡೇನಿ. ಎರಡು ಮನಿದು ಒಂದ ನಮೂನಿ ಸ್ಟೀಲಿನ ಡಬ್ಬಿ, ಒಂದ ಸೈಜು, ಅದಲು ಬದಲು ಆಗಿಬಿಟ್ವು. ಸಂಜಿಗೆ ಫೋನ್ ಬಂತು. ಒಬ್ಬರ ಅತ್ತಿ, ವಯಸ್ಸಾದವರು, ಹಿಟ್ಟು ಒಂದು ಹಿಡಿ ನಾದಿ ನೋಡೇ ಹೇಳ್ಯಾರ, "ಇದು ನಮ್ಮ ಜ್ವಾಳ ಅಲ್ಲ, ರೇಶನ್ ಜ್ವಾಳ ಕೂಡಿಸ್ಯಾಳ ಆ ಹುಡುಗಿ" ಅಂತ. ಕೂಡಿಸಿದ್ದಿಲ್ಲರಿ ದೇವರಾಣಿ. ಆದ್ರ ಕಳ್ಳತನದ ಮಾತು ಒಮ್ಮೆ ಬಂತಂದ್ರ ಹೋಗಂಗಿಲ್ಲ. ರಾತ್ರಿ ಎಂಟಕ್ಕ ಹೋಗಿ ಎರಡೂ ಮನಿ ಡಬ್ಬಿ ಬದಲಿ ಮಾಡಿ ಕೊಟ್ಟು, ಆ ಅಜ್ಜಿ ಮುಂದ ಕುಂತು ಒಂದು ರೊಟ್ಟಿ ತಿಂದ ಮ್ಯಾಲೆ ಆಕೀಗೆ ಸಮಾಧಾನ ಆತು. ಮರುದಿನಾನ ಪೇಂಟ್ ತಗೊಂಡು ಎಲ್ಲಾ ಡಬ್ಬಿ ತಳಕ್ಕ ಸೆಕ್ಟರ್ ನಂಬರ, ಮನಿ ನಂಬರ ಬರದೆ. ಚೀಟಿ ಅಂಟಿಸಬ್ಯಾಡ್ರಿ, ಹಿಟ್ಟಿನ ಕೈ ತಾಗಿ ಕಿತ್ತು ಹೋಗತೈತಿ.

ಗಿರಣಿ ಆದ ಮ್ಯಾಲೆ ಉಳಿದದ್ದು ತಾನಾಗೇ ಬರತೈತಿ. ವೈನಿ, ಬರೋ ಮುಂದ ಎರಡು ಸಿವುಡು ಮೆಂತ್ಯಪಲ್ಲೆ ತರ್ರಿ, ಟೇಲರ್ ಕಡೆ ಬ್ಲೌಸ್ ಆಗೇತೇನು ನೋಡ್ರಿ, ಇಸ್ತ್ರಿ ಬಟ್ಟಿ, ಒಂದು ಡಜನ್ ತತ್ತಿ, ಆಧಾರ್ ಝೆರಾಕ್ಸ್, ಪೋಸ್ಟಿಗೆ ಕವರು. ಮತ್ತ ಚಾರ್ಟ್ ಪೇಪರ್. ಅಯ್ಯೋ ಈ ಚಾರ್ಟ್ ಪೇಪರ್ ಕಥಿ ಹೇಳಬೇಕು. ಎಲ್ಲಾ ಹುಡುಗುರೂ ರಾತ್ರಿ ಒಂಬತ್ತಕ್ಕ ಊಟಕ್ಕ ಕುಂತಾಗನ "ಮಮ್ಮಿ ನಾಳೆ ಪ್ರಾಜೆಕ್ಟ್ ಐತಿ" ಅಂತಾವ, ಬ್ಯಾಡಗಿ ಮೆಣಸಿನಕಾಯಿ ಹಂಗ ಮುಖ ಮಾಡ್ಕೊಂಡು ಆ ತಾಯಿ ನನಗ ಫೋನ್ ಮಾಡ್ತಾಳ. ಈಗ ನಮ್ಮ ಮನಿ ಕಪಾಟಿನಾಗ ಬಿಳಿ, ಹಳದಿ, ನೀಲಿ ಚಾರ್ಟ್, ಫೆವಿಕಾಲು, ಮಿಂಚಿನ ಪೇಪರ್ ಕಾಯಂ ಇರತಾವ. ಲಾಭ ಏನಿಲ್ಲ ಅದರಾಗ. ಆದ್ರ ಆ ಒಂದು ರಾತ್ರಿ ಕೊಟ್ಟ ಚಾರ್ಟ್ ಪೇಪರಿಗೆ ಆ ಮನಿ ವರ್ಷಗಟ್ಟಲೆ ನಿಮ್ಮನ್ನ ಬಿಡಂಗಿಲ್ಲ. ಈ ತಾಯಂದಿರಿಗೆ ಚೀಲ ಹೊರೋದು ತ್ರಾಸಲ್ಲರಿ, ನೆನಪು ಇಟಗೊಳ್ಳೋದ ತ್ರಾಸು, ಹಿಟ್ಟು ಯಾವಾಗ ಮುಗೀತೈತಿ, ಗ್ಯಾಸ್ ಬುಕ್ ಮಾಡೇವೋ ಇಲ್ಲೋ. ನಾ ವಾಟ್ಸಾಪ್ ಬಿಸಿನೆಸ್ ಆಪ್‌ನಾಗ, ಅದು ಫ್ರೀ ಐತಿ, ಮನಿಗೊಂದು ಲೇಬಲ್ ಹಾಕಿ ಇಟ್ಟೇನಿ, ಹತ್ತನೇ ದಿನಕ್ಕ ನಾನ ಕೇಳ್ತೇನಿ "ಅಕ್ಕೋರ, ಹಿಟ್ಟು ಐತೇನ್ರಿ" ಅಂತ. ಅವರು ರೊಕ್ಕಾ ಕೊಡೋದು ಆ ಮೆಸೇಜಿಗೆ.

ಟೈಮು ಹೇಳಬೇಕು. ನಂದು ದಿನಕ್ಕ ಎರಡ ಟ್ರಿಪ್ಪು. ಮುಂಜಾನೆ ಹತ್ತರೊಳಗ ಬಂದ ಯಾದಿ ಮಧ್ಯಾಹ್ನದ ಟ್ರಿಪ್ಪಿಗೆ, ಮೂರರೊಳಗ ಬಂದದ್ದು ಸಂಜಿ ಟ್ರಿಪ್ಪಿಗೆ. ಒಂದು ಲಿಂಬಿಹಣ್ಣಿಗೆ ಗಾಡಿ ತಗಿಯಂಗಿಲ್ಲ. ಬೆಂಗಳೂರಾಗ ಹತ್ತು ನಿಮಿಷಕ್ಕ ತಂದು ಕೊಡ್ತಾರ, ನೀ ಯಾಕ ಕೊಡಂಗಿಲ್ಲ ಅಂತ ಕೇಳ್ತಾರ. ಕೇಳ್ಲಿ. ಡಂಜೋ ಅಂತ ಒಂದು ಇತ್ತು ಕೇಳಿರೇನು, ಬೆಂಗಳೂರಾಗ ವಾಟ್ಸಾಪ್ ಮ್ಯಾಲೆ ಮಂದಿ ಹೇಳಿದ ಸಣ್ಣ ಪುಟ್ಟ ಕೆಲಸಾ ಮಾಡಿ ಕೊಡೋದರಿಂದ ಶುರುವಾಗಿದ್ದು, ಹೆಚ್ಚು ಕಡಿಮಿ ನಮ್ಮಂಗ. 2017ರಾಗ ಗೂಗಲ್‌ನವರು ರೊಕ್ಕಾ ಹಾಕಿದ್ರು, 2022ರಾಗ ರಿಲಯನ್ಸ್‌ನವರು ಸಾವಿರ ಕೋಟಿಗೂ ಮ್ಯಾಲೆ ಹಾಕಿದ್ರು, ಆಮ್ಯಾಲೆ ಲಗೂ ಲಗೂ ತಲುಪಿಸೋ ರೇಸಿಗೆ ಬಿದ್ರು, 2025ರ ಜನವರಿ ಹೊತ್ತಿಗೆ ಆಪ್ ಬಂದ್. ಅಷ್ಟು ರೊಕ್ಕಾ ಇದ್ದವರಿಗೇ ಆ ಓಟ ಓಡಾಕ ಆಗಲಿಲ್ಲ, ನನ್ನ ಹಳೇ ಸ್ಕೂಟಿ ಎಲ್ಲಿ ಓಡ್ತೈತ್ರಿ.

ಈಗ ರೊಕ್ಕದ ಮಾತು. ಟ್ರಿಪ್ಪಿಗೆ ಇಷ್ಟು ಅಂತ ತಗೊಂಡ್ರ ದಿನಾ ಚೌಕಾಸಿ, ನಾ ಮನಿಗೆ ತಿಂಗಳಿಗೆ 600 ರೂಪಾಯಿ ಅಂತ ಮಾಡೇನಿ. 18 ಮನಿ, 10,800. ದಿನಕ್ಕ ಸುಮಾರು 30 ಕಿಲೋಮೀಟರ್, ಗಾಡಿ ಲೀಟರಿಗೆ 45 ಕೊಡತೈತಿ, ಪೆಟ್ರೋಲು ನೂರರ ಮ್ಯಾಲೆ, ಅಂದ್ರ ದಿನಕ್ಕ 70, ತಿಂಗಳಿಗೆ 26 ದಿನಾ ಹಿಡದ್ರ 1,800 ಹತ್ರ. ಸರ್ವಿಸು, ಟೈರು, ರಿಚಾರ್ಜು ತಗದು ಎಂಟು ಸಾವಿರ ಉಳದ್ರ ಪುಣ್ಯ. ಲಕ್ಷಗಟ್ಟಲೆ ಬರತೈತಿ ಅಂತ ಯಾರರ ಹೇಳಿದ್ರ ಎದ್ದು ಬರ್ರಿ. ಸಾಲಾ ಬೇಕಾದ್ರ ಕೇಂದ್ರ ಸರಕಾರದ ಮುದ್ರಾ ಯೋಜನಾದಾಗ ಶಿಶು ಅಂತ 50,000 ತನಕ ಜಾಮೀನಿಲ್ಲದ ಕೊಡ್ತಾರ, ನಾ ತಗೊಂಡಿಲ್ಲ, ಗಾಡಿ ಇತ್ತು. ಅಂಗಡಿಯವರ ಕಡೆ ಕಮಿಷನ್ನೂ ತಗೊಳ್ಳಂಗಿಲ್ಲ, ತಗೊಂಡ ದಿನಾನ ಹುಳುಕ ಬದನಿಕಾಯಿ ನನ್ನ ಚೀಲಕ್ಕ ಬೀಳಾಕ ಶುರುವಾಗತಾವ, ನಾ ಬಾಯಿ ಮುಚಗೊಂಡು ಇರಬೇಕಾಗತೈತಿ.

ಇನ್ನೊಂದು, ಇದನ್ನ ಸ್ವಲ್ಪ ಬರಕೋರಿ. ಸಾಮಾನಿನ ರೊಕ್ಕಾ ನಿಮ್ಮ ಫೋನ್‌ಪೇಗೆ ಹಾಕಸ್ಕೋಬ್ಯಾಡ್ರಿ. 2025ರ ಜುಲೈದಾಗ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕಾ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಾಗ ಮಂದಿ "ಯುಪಿಐ ಇಲ್ಲ, ಕ್ಯಾಶ್ ಅಷ್ಟ" ಅಂತ ಬೋರ್ಡ್ ಹಾಕಿದ್ದು ನೆನಪೈತೆಲ್ಲ. ಸಾಮಾನು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ, ಸೇವಾ ಕೊಡೋರಿಗೆ 20 ಲಕ್ಷ, ಅದನ್ನ ದಾಟಿದ್ರ ಜಿಎಸ್‌ಟಿ ನೋಂದಣಿ. ನಾವು ಸೇವಾದವರು. ಈಗ ಲೆಕ್ಕಾ ಹಾಕ್ರಿ, 18 ಮನಿ, ಮನಿಗೆ ತಿಂಗಳಿಗೆ 9,000 ಸಂತಿ ಅಂದ್ರೂ ವರ್ಷಕ್ಕ 19 ಲಕ್ಷ 44 ಸಾವಿರ, ಅದಕ್ಕ ನನ್ನ ಫೀ ಒಂದು ಲಕ್ಷ 29 ಸಾವಿರ ಚಿಲ್ಲರ ಕೂಡಿಸಿದ್ರ 20 ದಾಟತೈತಿ. ಬ್ಯಾಂಕ್ ಅಕೌಂಟ್ ನೋಡಿದವರಿಗೆ ನಾ ದೊಡ್ಡ ಸಾವಕಾರ್ತಿ, ಮನ್ಯಾಗ ನೋಡಿದ್ರ ಎಂಟು ಸಾವಿರ. ಕಾಯ್ದೆದಾಗ ಪ್ಯೂರ್ ಏಜೆಂಟ್ ಅಂತ ಐತಿ, ಗಿರಾಕಿ ಹೇಳಿದ್ದಕ್ಕ ಅವರ ಪರವಾಗಿ ಕೊಟ್ಟ ರೊಕ್ಕಾ, ಬಿಲ್ಲಿನಷ್ಟ ತಗೊಂಡು ಬ್ಯಾರೆ ತೋರಿಸಿದ್ರ ನಿಮ್ಮ ವಹಿವಾಟಿಗೆ ಹಿಡಿಯಂಗಿಲ್ಲ, ಆದ್ರ ಅದನ್ನ ಕಾಗದ ಹಿಡಕೊಂಡು ತೋರಸ್ತಾ ಕುಂದ್ರೋರು ಯಾರು. ಅದಕ್ಕ ನಾ ಅಂಗಡ್ಯಾಗ ನಿಂತು ಬಿಲ್ಲಿನ ಫೋಟೋ, ಸ್ಕ್ಯಾನರ್ ಫೋಟೋ ಎರಡೂ ಗಿರಾಕಿಗೆ ಕಳಸ್ತೇನಿ, ಅವರು ಸೀದಾ ಅಂಗಡಿಯವರಿಗೆ ಹಾಕ್ತಾರ. ನನ್ನ ಫೋನಿಗೆ ಬರೋದು ಆ ಆರನೂರ ಅಷ್ಟ. ಇದರಿಂದ ಉದ್ರಿ ಕಾಟನೂ ತಪ್ಪಿತು, ಮೊದಲಿಗೆ ನಾನ ಕೈಯಿಂದ ಹಾಕಿ ಎರಡು ಮನಿಗೋಳ ಕಡೆಯಿಂದ ವಸೂಲಿ ಮಾಡೋದರಾಗ ಚಪ್ಪಲ್ ಸವದಿದ್ವು. ನೀವು ಸಾಮಾನು ತಂದಿಟ್ಟು ಮಾರೋದಾದ್ರ ಎಫ್‌ಎಸ್‌ಎಸ್‌ಎಐ, ಅಂದ್ರ ಆಹಾರ ಸುರಕ್ಷತಾದವರ ನೋಂದಣಿ ಮತ್ತ ಬೇಕು, ಅದು ಬ್ಯಾರೆ ಕಥಿ.

ಹೋಳಿ ಮರೀಬ್ಯಾಡ್ರಿ. ನಮ್ಮೂರ ಹೋಳಿ ಒಂದ ದಿನಕ್ಕ ಮುಗಿಯಂಗಿಲ್ಲ, ಹಲಗಿ, ಬಣ್ಣದ ಬಂಡಿ, ಪ್ಯಾಟಿ ಬಂದ್. ಮೊದಲನೇ ವರ್ಷ ನಾ ವಿಚಾರನ ಮಾಡಿದ್ದಿಲ್ಲ, ಹಳೇ ಊರಾಗ ಗಿರಣಿ ಡಬ್ಬಿ ಐದು ಒಳಗ ಉಳದ್ವು, ಕೀಲಿ ಹಾಕಿದ ಗಿರಣಿ ಮುಂದ ನಾ ಮೈತುಂಬ ಬಣ್ಣಾ ಹೊಡಸ್ಕೊಂಡು ನಿಂತಿದ್ದೆ. ಈಗ ಹೋಳಿಗೆ ವಾರ ಮೊದಲ ಎಲ್ಲಾ ಮನಿಗೂ ಮೆಸೇಜು.

ಬ್ಯಾಡ ಅನ್ನೋದೂ ಕಲೀಬೇಕು. ಔಷಧಿ ತರ್ತೇನಿ, ಡಾಕ್ಟರ್ ಚೀಟಿ ಇದ್ರ ಅಷ್ಟ. ಬಂಗಾರ ರಿಪೇರಿಗೆ ಒಯ್ಯಂಗಿಲ್ಲ. ಹುಡುಗುರನ್ನ ಸಾಲಿಯಿಂದ ಕರಕೊಂಡು ಬಾ ಅಂದ್ರ ಮೊದಲ ಎರಡು ಸಲ ಹೂಂ ಅಂದಿದ್ದೆ. ಒಂದಿನ ಗಾಡಿ ಪಂಕ್ಚರ್ ಆಗಿ ಬಿಸಲಾಗ ಎರಡು ಮಂದಿ ಹುಡುಗುರನ್ನ ಹಿಡಕೊಂಡು ರೋಡಿನ ಮ್ಯಾಲೆ ನಿಂತಾಗ ನನ್ನ ಎದಿ ಡವ ಡವ ಅಂತಿತ್ತು, ಒಂದ ಹುಡುಗ ನೀರು ಕೇಳ್ತೈತಿ, ಇನ್ನೊಂದು ಕೈ ಬಿಡಸ್ಕೊಂಡು ಓಡ್ತೈತಿ. ಜ್ವಾಳ ಚೆಲ್ಲಿದ್ರ ಮತ್ತ ತಂದು ಕೊಡಬಹುದು. ಅವತ್ತಿನಿಂದ ಬಂದ್, ಇದರಿಂದ ಒಂದು ಮನಿ ಕಳಕೊಂಡೇನಿ, ಹೋಗ್ಲಿ.

ಪ್ರಶ್ನೆ ಇದ್ರ ಈಗ ಕೇಳ್ರಿ, ನಾಕೂವರಿ ಆತು, ಐದಕ್ಕ ಗಿರಣಿಯಿಂದ ಆರು ಡಬ್ಬಿ ಎತ್ತೋದೈತಿ, ಅದರಾಗ ಆ ಅಜ್ಜೀದೂ ಒಂದು.